ಹೋಗೋದೇನೋ ಸರಿ, ವಾಪಸ್ ಬರೋದು ಹೇಗೆ? ಎಲೆಕ್ಟ್ರಿಕ್ ಪಿಕಪ್‌ನ ಆಫ್‌ರೋಡ್ ಇತಿಹಾಸ

ಇವತ್ತಿನ ಸಂಚಿಕೆಗೆ ಒಂದೇ ಪ್ರಶ್ನೆ. ಎಲೆಕ್ಟ್ರಿಕ್ ಪಿಕಪ್ ಟ್ರಕ್ ತಗೊಂಡು ಗುಡ್ಡ, ಕಾಡು, ಮರಳುಗಾಡು ಸುತ್ತಬಹುದಾ? ರೀಲ್ಸ್ ನೋಡಿದ್ರೆ ಎರಡು ಗುಂಪು ಸಿಗುತ್ತೆ. ಒಂದು ಗುಂಪು ಬಂಡೆ ಹತ್ತುವ ವಿಡಿಯೋ ಹಾಕಿ, ಡೀಸೆಲ್ ಕಾಲ ಮುಗೀತು ಅನ್ನುತ್ತೆ. ಇನ್ನೊಂದು ಗುಂಪು ಚಾರ್ಜ್ ಇಲ್ಲದೆ ನಿಂತ ಗಾಡಿ ತೋರಿಸಿ ನಗುತ್ತೆ.

ನನಗನ್ನಿಸೋದು, ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡ್ತಿದ್ದಾರೆ. ಮೊದಲನೇ ಪ್ರಶ್ನೆ: ಗಾಡಿ ಅಲ್ಲಿಗೆ ಹೋಗುತ್ತಾ? ಎರಡನೇದು: ಅಲ್ಲಿಂದ ವಾಪಸ್ ಬರುತ್ತಾ? 120 ವರ್ಷದ ಇತಿಹಾಸ ತಿರುವಿ ಹಾಕಿದರೆ, ಎಲೆಕ್ಟ್ರಿಕ್ ಗಾಡಿ ಮೊದಲನೇ ಪ್ರಶ್ನೆಯಲ್ಲಿ ಸೋತಿದ್ದು ಕಡಿಮೆ. ಅದನ್ನ ಕಟ್ಟಿಹಾಕಿದ್ದು ಎರಡನೇ ಪ್ರಶ್ನೆ. ಬನ್ನಿ, ಮೊದಲಿಂದ ನೋಡೋಣ.

1900ನೇ ಇಸವಿ. ಪ್ಯಾರಿಸ್‌ನ ವಿಶ್ವ ಮೇಳದಲ್ಲಿ ಲೋಹ್ನರ್ ಕಂಪನಿ ಒಂದು ಎಲೆಕ್ಟ್ರಿಕ್ ಗಾಡಿ ಪ್ರದರ್ಶನಕ್ಕಿಟ್ಟಿತು. ಅದನ್ನು ರೂಪಿಸಿದವನು 24 ವರ್ಷದ ಫರ್ಡಿನಾಂಡ್ ಪೋರ್ಷೆ. ಹೌದು, ಮುಂದೆ ಆ ಹೆಸರಿನಲ್ಲೇ ಕಾರ್ ಕಂಪನಿ ಬಂತಲ್ಲ, ಅದೇ ಪೋರ್ಷೆ. ಗಾಡಿಯ ವಿಶೇಷ ಏನಪ್ಪಾ ಅಂದ್ರೆ, ಮೋಟಾರ್ ಇದ್ದದ್ದು ಚಕ್ರದ ಒಳಗೇ. ಗೇರ್ ಇಲ್ಲ, ಚೈನ್ ಇಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನ ಗ್ರಾಹಕರೊಬ್ಬರಿಗೆ ನಾಲ್ಕೂ ಚಕ್ರಕ್ಕೆ ಮೋಟಾರ್ ಇರುವ ಗಾಡಿಯನ್ನೂ ಕಟ್ಟಿಕೊಟ್ಟ. ಅಂದ್ರೆ ಫೋರ್ ವೀಲ್ ಡ್ರೈವ್ ಎಲೆಕ್ಟ್ರಿಕ್! ಆದರೆ ಅದರ ಸೀಸದ ಬ್ಯಾಟರಿಯ ತೂಕವೇ 1,800 ಕೆ.ಜಿ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅದೇ ಹೊತ್ತಿಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಕಾರುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಎಲೆಕ್ಟ್ರಿಕ್ ಆಗಿದ್ದವು. ಸದ್ದಿಲ್ಲ, ಹೊಗೆ ಇಲ್ಲ, ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ರಗಳೆ ಇಲ್ಲ. ಪಟ್ಟಣದ ಜನಕ್ಕೆ ಇಷ್ಟವಾಗಿತ್ತು. ಆಮೇಲೆ ಏನಾಯ್ತು? 1908ರಲ್ಲಿ ಫೋರ್ಡ್ ಕಂಪನಿಯ ಅಗ್ಗದ ಮಾಡೆಲ್ ಟಿ ಬಂತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂತು. ಇವೆರಡನ್ನೂ ಎಲ್ಲರೂ ಹೇಳ್ತಾರೆ. ಮೂರನೇ ಕಾರಣ ಹಳ್ಳಿಯಲ್ಲಿದೆ.

ಪೆಟ್ರೋಲನ್ನು ಡಬ್ಬದಲ್ಲಿ ತುಂಬಿ ಹಳ್ಳಿ ಅಂಗಡಿಯಲ್ಲಿ ಮಾರಬಹುದು. ಕರೆಂಟನ್ನು ಹಾಗೆ ಮಾರೋಕಾಗಲ್ಲ, ಅದಕ್ಕೆ ಕಂಬ ನೆಡಬೇಕು, ತಂತಿ ಎಳೀಬೇಕು. 1930ರ ದಶಕದ ಮಧ್ಯದಲ್ಲೂ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಹಳ್ಳಿಗಳಿಗೆ ಕರೆಂಟ್ ತಲುಪಿಸಲೆಂದೇ ಅಧ್ಯಕ್ಷ ರೂಸ್‌ವೆಲ್ಟ್ 1935ರಲ್ಲಿ ಒಂದು ಪ್ರತ್ಯೇಕ ಸರ್ಕಾರಿ ಸಂಸ್ಥೆ ಮಾಡಬೇಕಾಯಿತು. ಅಷ್ಟರಲ್ಲಿ ಎಲೆಕ್ಟ್ರಿಕ್ ಕಾರು ಮಾರುಕಟ್ಟೆಯಿಂದ ಹೆಚ್ಚುಕಮ್ಮಿ ಮಾಯವಾಗಿತ್ತು. ಮಣ್ಣು ರಸ್ತೆಯಲ್ಲಿ ಓಡುವ ಶಕ್ತಿ ಮೋಟಾರಿಗೆ ಇತ್ತು. ಆದರೆ ಆ ರಸ್ತೆಯ ಕೊನೆಯಲ್ಲಿ ಪ್ಲಗ್ ಇರಲಿಲ್ಲ.

ಪೆಟ್ರೋಲಿನ ಈ ಡಬ್ಬದ ಬಲ ಎಷ್ಟು ದೊಡ್ಡದು ಅನ್ನೋದು ಎರಡನೇ ಮಹಾಯುದ್ಧದಲ್ಲಿ ಗೊತ್ತಾಯಿತು. ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಬ್ರಿಟಿಷರ ತೆಳು ತಗಡಿನ ಡಬ್ಬಗಳು ಸೋರಿ ಪೆಟ್ರೋಲ್ ಪೋಲಾಗುತ್ತಿತ್ತು. ಜರ್ಮನ್ನರ ಹತ್ತಿರ 20 ಲೀಟರಿನ ಗಟ್ಟಿ ಕ್ಯಾನ್ ಇತ್ತು. ಬ್ರಿಟಿಷ್ ಸೈನಿಕರು ಅದನ್ನ ಸಿಕ್ಕಲ್ಲಿ ಎತ್ತಿಕೊಂಡು ಬಳಸಿದರು, ಆಮೇಲೆ ಹಾಗೇ ನಕಲು ಮಾಡಿದರು. ಜರ್ಮನ್ನರನ್ನು ಅವರು ಆಡುಮಾತಲ್ಲಿ 'ಜೆರಿ' ಅನ್ನುತ್ತಿದ್ದರು. ಜೆರಿ ಕ್ಯಾನ್ ಅನ್ನೋ ಹೆಸರು ಬಂದದ್ದು ಹಾಗೆ. ಇವತ್ತಿಗೂ ಆಫ್‌ರೋಡ್ ಜೀಪಿನ ಹಿಂದೆ ನೇತಾಡೋದು ಅದೇ ಕ್ಯಾನ್.

ಈಗ ಚಂದ್ರನ ಮೇಲೆ ಹೋಗೋಣ. ತಮಾಷೆ ಅಲ್ಲ. ಮನುಷ್ಯ ಓಡಿಸಿದ ಅತ್ಯಂತ ದೂರದ ಆಫ್‌ರೋಡ್ ಗಾಡಿ ಎಲೆಕ್ಟ್ರಿಕ್ಕೇ. ಅಲ್ಲಿ ಗಾಳಿ ಇಲ್ಲ, ಪೆಟ್ರೋಲ್ ಇಂಜಿನ್ ಉರಿಯೋದೇ ಇಲ್ಲ. 1971ರ ಅಪೋಲೋ 15ರಲ್ಲಿ ನಾಸಾ ಕಳಿಸಿದ ರೋವರ್‌ನ ತೂಕ ಸುಮಾರು 210 ಕೆ.ಜಿ. ಹೊರುತ್ತಿದ್ದದ್ದು ಅದರ ಎರಡು ಪಟ್ಟಿಗಿಂತ ಜಾಸ್ತಿ. ಪ್ರತಿ ಚಕ್ರಕ್ಕೂ ಕಾಲು ಅಶ್ವಶಕ್ತಿಯ ಒಂದೊಂದು ಮೋಟಾರ್. ಅಂದ್ರೆ ನಾಲ್ಕೂ ಸೇರಿ ಬರೀ ಒಂದು ಅಶ್ವಶಕ್ತಿ! ಟೈರ್ ಕೂಡ ರಬ್ಬರಿನದ್ದಲ್ಲ, ಉಕ್ಕಿನ ತಂತಿಯಲ್ಲಿ ಹೆಣೆದದ್ದು. ಮೊದಲ ಓಟದಲ್ಲಿ ಮುಂದಿನ ಸ್ಟೀರಿಂಗ್ ಕೆಲಸ ಮಾಡಲಿಲ್ಲ. ಹಿಂದಿನ ಚಕ್ರಗಳೂ ತಿರುಗುತ್ತಿದ್ದವಲ್ಲ, ಅದರಲ್ಲೇ ಓಡಿಸಿದರು.

ಆ ಬ್ಯಾಟರಿಯಲ್ಲಿ ಲೆಕ್ಕದ ಪ್ರಕಾರ ಸುಮಾರು 92 ಕಿ.ಮೀ. ಓಡಬಹುದಿತ್ತು. 1972ರ ಅಪೋಲೋ 17ರಲ್ಲಿ ಮೂರು ದಿನ ಸೇರಿ ಓಡಿದ್ದು ಸುಮಾರು 36 ಕಿ.ಮೀ. ಆದರೆ ತಮ್ಮ ನೌಕೆಯಿಂದ ಅತಿ ದೂರ ಹೋದದ್ದು ಎಷ್ಟು ಗೊತ್ತಾ? ಬರೀ 7.6 ಕಿ.ಮೀ.

ಯಾಕೆ? ನಾಸಾ ಒಂದು ನಿಯಮ ಮಾಡಿತ್ತು. ಗಾಡಿ ಯಾವ ಕ್ಷಣ ಕೆಟ್ಟು ನಿಂತರೂ, ಬೆನ್ನ ಮೇಲೆ ಉಳಿದಿರುವ ಆಮ್ಲಜನಕದಲ್ಲಿ ನಡೆದೇ ನೌಕೆಗೆ ವಾಪಸ್ ಬರುವಷ್ಟು ದೂರದಲ್ಲೇ ಇರಬೇಕು. ಇದಕ್ಕೆ ವಾಕ್‌ಬ್ಯಾಕ್ ಮಿತಿ ಅಂತಾರೆ. ಅದಕ್ಕೇ ಅವರು ಮೊದಲು ಅತಿ ದೂರದ ಜಾಗಕ್ಕೆ ಹೋಗಿ, ಅಲ್ಲಿಂದ ಒಂದೊಂದೇ ಕೆಲಸ ಮುಗಿಸುತ್ತಾ ಮನೆ ಕಡೆ ಬರುತ್ತಿದ್ದರು. ಆಮ್ಲಜನಕ ಕಮ್ಮಿಯಾದಂತೆ ನೌಕೆ ಹತ್ತಿರವಾಗಬೇಕು. ಆಫ್‌ರೋಡ್ ಬಗ್ಗೆ ನಾನು ಓದಿದ್ದರಲ್ಲಿ ಇದಕ್ಕಿಂತ ಒಳ್ಳೆ ಪಾಠ ಸಿಕ್ಕಿಲ್ಲ.

ಈಗಿನ ಕಾಲಕ್ಕೆ ಬರೋಣ. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಿವಿಯನ್ ಕಂಪನಿ ಆರ್1ಟಿ ಪಿಕಪ್ ಕೊಡೋಕೆ ಶುರು ಮಾಡಿತು. ಚಕ್ರಕ್ಕೊಂದು ಮೋಟಾರ್, ಪೋರ್ಷೆಯ ಹಳೇ ಕನಸು. ನೆಲದಿಂದ ಸುಮಾರು 38 ಸೆಂ.ಮೀ.ವರೆಗೆ ಎತ್ತರಿಸಬಹುದು. ಹೆಚ್ಚುಕಮ್ಮಿ ಒಂದು ಮೀಟರ್ ಆಳದ ನೀರು ದಾಟುತ್ತೆ, ಯಾಕಂದ್ರೆ ಗಾಳಿ ಎಳೆದುಕೊಳ್ಳುವ ಇಂಜಿನ್ನೇ ಇಲ್ಲ. ಆಕ್ಸಿಲರೇಟರ್ ಮುಟ್ಟಿದ ಕೂಡಲೇ ಪೂರ್ತಿ ಟಾರ್ಕ್ ಸಿಗುತ್ತೆ, ಹಾಗಾಗಿ ಏರಿನಲ್ಲಿ ಕ್ಲಚ್ ಒತ್ತಿ ಒದ್ದಾಡಬೇಕಿಲ್ಲ, ಬಂಡಿ ಆಫ್ ಆಗೋ ಭಯ ಇಲ್ಲ. ಇಳಿಜಾರಲ್ಲಿ ಮೋಟಾರೇ ಹಿಡಿದು ನಿಲ್ಲಿಸುತ್ತೆ, ಜೊತೆಗೆ ಬ್ಯಾಟರಿಗೂ ಚೂರು ವಾಪಸ್ ತುಂಬುತ್ತೆ. ಬಂಡೆ ಹತ್ತುವ ವಿಡಿಯೋಗಳಲ್ಲಿ ಸುಳ್ಳಿಲ್ಲ.

ಆದರೆ ಮಾರಾಟಕ್ಕೆ ಬರುವ ಮೊದಲೇ, 2019ರಲ್ಲಿ, ಇದೇ ಟ್ರಕ್‌ನ ಎರಡು ಮಾದರಿಗಳು ದಕ್ಷಿಣ ಅಮೆರಿಕದ ತುದಿಯಿಂದ ಲಾಸ್ ಏಂಜಲೀಸ್‌ವರೆಗೆ ಹೋಗಿದ್ದವು. ನಟ ಈವನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೋರ್ಮನ್ ಎಲೆಕ್ಟ್ರಿಕ್ ಬೈಕಲ್ಲಿ ಹೋದ 'ಲಾಂಗ್ ವೇ ಅಪ್' ಸರಣಿ ನೋಡಿದವರಿಗೆ ನೆನಪಿರುತ್ತೆ. ಟ್ರಕ್‌ಗಳು ತಲುಪಿದವು, ನಿಜ. ಆದರೆ ಆ ಪಯಣಕ್ಕಾಗಿ ದಾರಿಯುದ್ದಕ್ಕೂ ನೂರಕ್ಕೂ ಹೆಚ್ಚು ಚಾರ್ಜರ್ ಹಾಕಿಸಬೇಕಾಯಿತು. ನಿಮಗೂ ನನಗೂ ಅಷ್ಟು ಚಾರ್ಜರ್ ಯಾರು ಹಾಕಿಸಿಕೊಡ್ತಾರೆ?

ಹಾಗಾದ್ರೆ ದೊಡ್ಡ ಬ್ಯಾಟರಿ ಹಾಕಿದ್ರೆ ಆಯ್ತಲ್ಲ? ಜಿಎಂಸಿ ಅದನ್ನೇ ಮಾಡಿತು. ಅದರ ಎಲೆಕ್ಟ್ರಿಕ್ ಹಮ್ಮರ್ ಪಿಕಪ್‌ನಲ್ಲಿ 200 ಯೂನಿಟ್‌ಗಿಂತ ಜಾಸ್ತಿ ಹಿಡಿಯುವ ಬ್ಯಾಟರಿ ಇದೆ. ಗಾಡಿಯ ತೂಕ ಸುಮಾರು 4,100 ಕೆ.ಜಿ., ಅದರಲ್ಲಿ ಬ್ಯಾಟರಿಯೇ 1,300 ಕೆ.ಜಿ. ಪೋರ್ಷೆಯ 1,800 ನೆನಪಾಯ್ತಾ? ಕಾಂಕ್ರೀಟ್ ರಸ್ತೆಯಲ್ಲಿ ಈ ತೂಕ ನಡೆಯುತ್ತೆ. ಕೆಸರಲ್ಲಿ ಹೂತರೆ ನಾಲ್ಕು ಟನ್ ಎಳೆಯೋಕೆ ಯಾರನ್ನ ಕರೀತೀರ?

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರುತ್ತೆ. 20 ಲೀಟರ್ ಜೆರಿ ಕ್ಯಾನಿನಲ್ಲಿ 180 ಯೂನಿಟ್. ಇಂಜಿನ್ ಅದರಲ್ಲಿ ಮುಕ್ಕಾಲು ಭಾಗ ಬಿಸಿ ಮಾಡಿ ಹಾಳು ಮಾಡಿದರೂ ಚಕ್ರಕ್ಕೆ 45 ಯೂನಿಟ್ ಉಳಿಯುತ್ತೆ. ಅಷ್ಟನ್ನೇ ಹಮ್ಮರ್‌ನಂಥ ಬ್ಯಾಟರಿಯಲ್ಲಿ ಹೊರಬೇಕಂದ್ರೆ ಸುಮಾರು 300 ಕೆ.ಜಿ. ಬೇಕು. ಕ್ಯಾನನ್ನು ಒಬ್ಬ ಮನುಷ್ಯ ಕೈಯಲ್ಲಿ ಹಿಡಿದು ನಡೀತಾನೆ.

ಇದಕ್ಕೆ ಕಂಪನಿಗಳು ಈಗ ಕಂಡುಕೊಳ್ಳುತ್ತಿರುವ ದಾರಿ ತುಂಬಾ ಹಳೇದು. ಚಕ್ರ ತಿರುಗಿಸಲು ಮೋಟಾರ್, ಬ್ಯಾಟರಿ ತುಂಬಲು ಮಾತ್ರ ಪುಟ್ಟ ಪೆಟ್ರೋಲ್ ಇಂಜಿನ್. ಪೋರ್ಷೆ ಇದನ್ನೂ 1900ರಲ್ಲೇ ಕಟ್ಟಿದ್ದ. ಹೆಸರು 'ಸೆಂಪರ್ ವಿವುಸ್', ಲ್ಯಾಟಿನ್‌ನಲ್ಲಿ ಸದಾ ಜೀವಂತ ಅಂತ ಅರ್ಥ. 2024ರಲ್ಲಿ ಸೌದಿ ಅರೇಬಿಯಾದ ಮರಳಲ್ಲಿ ನಡೆದ ಡಾಕರ್ ರ‍್ಯಾಲಿಯನ್ನು ಕಾರ್ಲೋಸ್ ಸೈನ್ಸ್ ಗೆದ್ದದ್ದು ಇಂಥದ್ದೇ ಆಡಿ ಗಾಡಿಯಲ್ಲಿ. ಸ್ಕೌಟ್ ಕಂಪನಿ 2024ರಲ್ಲಿ ಘೋಷಿಸಿದ ಪಿಕಪ್‌ಗೂ ಇದೇ ಆಯ್ಕೆ ಇದೆ. 2025ರ ಡಿಸೆಂಬರ್‌ನಲ್ಲಿ ಫೋರ್ಡ್ ಕೂಡ ತನ್ನ ಪೂರ್ತಿ ಎಲೆಕ್ಟ್ರಿಕ್ ಎಫ್-150 ಲೈಟ್ನಿಂಗ್ ನಿಲ್ಲಿಸಿ, ಮುಂದಿನದ್ದು ಈ ಬಗೆಯದ್ದು ಅಂತ ಹೇಳಿತು.

ಅಂದಮೇಲೆ ಬರೀ ಬ್ಯಾಟರಿ ಗಾಡಿ ಆಫ್‌ರೋಡ್‌ಗೆ ಆಗೋದೇ ಇಲ್ವಾ? ಆಗುತ್ತೆ. ಬೆಳಿಗ್ಗೆ ಹೊರಟು ಸಂಜೆ ಅದೇ ಪ್ಲಗ್‌ಗೆ ಬರುವ ಕಡೆ ಚೆನ್ನಾಗೇ ಆಗುತ್ತೆ. ಆಸ್ಟ್ರೇಲಿಯಾದ ಒಲಿಂಪಿಕ್ ಡ್ಯಾಮ್ ಗಣಿಯಲ್ಲಿ 2018ರಲ್ಲೇ ಎಲೆಕ್ಟ್ರಿಕ್ ಮಾಡಿದ ಲ್ಯಾಂಡ್ ಕ್ರೂಸರನ್ನು ಪ್ರಯೋಗಕ್ಕೆ ಇಳಿಸಿದರು. ನೆಲದಡಿ ಡೀಸೆಲ್ ಹೊಗೆ ಕುಡಿಯೋದು ಅಲ್ಲಿನ ಕಾರ್ಮಿಕರೇ ತಾನೆ? ಕೆನ್ಯಾದಲ್ಲಿ ಸಫಾರಿ ಜೀಪುಗಳನ್ನೂ ಹೀಗೆ ಬದಲಾಯಿಸಿದ್ದಾರೆ. ಸದ್ದಿಲ್ಲದ ಗಾಡಿ ಕಾಡಿಗೂ ಒಳ್ಳೇದು. ನಮ್ಮ ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟದ ಓಡಾಟವೂ ಇದೇ ಜಾತಿ: ದಿನಕ್ಕೆ ಕೆಲವೇ ಕಿಲೋಮೀಟರ್, ರಾತ್ರಿ ಮನೆಯಂಗಳದಲ್ಲೇ. ಆದರೆ ಮಳೆಗಾಲದಲ್ಲಿ, ನೆಟ್‌ವರ್ಕ್ ಸಿಗದ ಘಟ್ಟದೊಳಗೆ ಎರಡು ದಿನದ ಟ್ರಿಪ್ ಅಂದ್ರೆ ನಾನು ಬರೀ ಬ್ಯಾಟರಿ ನಂಬಿ ಹೊರಡಲ್ಲ.

ಹಾಗಾಗಿ ಲಕ್ಷಗಟ್ಟಲೆ ದುಡ್ಡು ಹಾಕುವ ಮೊದಲು ಬ್ರೋಶರ್‌ನ ರೇಂಜ್ ಅಂಕಿ ಬದಿಗಿಡಿ. ನೀವು ನಿಜವಾಗಿ ಹೋಗುವ ಜಾಗದ ಅತಿ ದೂರದ ಬಿಂದು ಯಾವುದು ನೋಡಿ. ಅಲ್ಲಿ ಗಾಡಿ ನಿಂತುಹೋದರೆ ನೀವು, ನಿಮ್ಮ ಜೊತೆ ಕೂತವರು ಹೇಗೆ ಮನೆ ಸೇರ್ತೀರಿ ಅಂತ ಕೇಳಿಕೊಳ್ಳಿ. ಉತ್ತರ ಇದ್ರೆ ಧೈರ್ಯವಾಗಿ ಎಲೆಕ್ಟ್ರಿಕ್ ತಗೊಳ್ಳಿ, ಹತ್ತೋ ಕೆಲಸ ಅದು ನೋಡಿಕೊಳ್ಳುತ್ತೆ.