ಕೋವಿಡ್-19: ರೋಗನಿರೋಧಕ ಶಕ್ತಿ ಮತ್ತು ಮರುಸೋಂಕು

ಒಮ್ಮೆ ಕೋವಿಡ್-19 ಸೋಂಕು ತಗುಲಿ ಗುಣಮುಖರಾದವರಿಗೆ ಅದೇ ಸೋಂಕು ಪುನಃ ತಗುಲಬಹುದೇ ಎಂಬ ಪ್ರಶ್ನೆಗೆ 2020ರ ಆರಂಭದಲ್ಲಿ ನಿಶ್ಚಿತ ಉತ್ತರ ಇರಲಿಲ್ಲ. ಕೆಲಸಕ್ಕೆ ಮರಳುವುದು, ಪ್ರಯಾಣ, ಮನೆಯಲ್ಲಿನ ವೃದ್ಧರ ಆರೈಕೆ ಮುಂತಾದ ತೀರ್ಮಾನಗಳು ಈ ಉತ್ತರವನ್ನೇ ಅವಲಂಬಿಸಿದ್ದವು. ಈ ವಿಷಯವು ಹಂತ ಹಂತವಾಗಿ ಸ್ಪಷ್ಟಗೊಂಡ ಬಗೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಕೆಳಗೆ ನೀಡಲಾಗಿದೆ.

1. ಪ್ರಮಾಣಪತ್ರದ ಪ್ರಸ್ತಾಪ

ಗುಣಮುಖರಾದವರಿಗೆ ಪ್ರಮಾಣಪತ್ರ ನೀಡಿ ಸಂಚಾರಕ್ಕೆ ಅನುಕೂಲ ಕಲ್ಪಿಸುವ ಯೋಜನೆಯನ್ನು ಚಿಲಿ ದೇಶವು ಏಪ್ರಿಲ್ 2020ರಲ್ಲಿ ಪ್ರಕಟಿಸಿತ್ತು. ಪ್ರತಿಕಾಯಗಳಿರುವವರಿಗೆ ಎರಡನೇ ಸೋಂಕಿನಿಂದ ರಕ್ಷಣೆ ಇದೆ ಎಂಬುದಕ್ಕೆ ಆವರೆಗೆ ಪುರಾವೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ದಿನಾಂಕ 24-04-2020ರಂದು ತಿಳಿಸಿತು. ಇಂತಹ ಪ್ರಮಾಣಪತ್ರ ಪಡೆದವರು ಮುನ್ನೆಚ್ಚರಿಕೆಯನ್ನು ಕಡೆಗಣಿಸಬಹುದೆಂದೂ ಎಚ್ಚರಿಸಿತು. ಪುರಾವೆ ಇಲ್ಲವೆಂದರೆ ರಕ್ಷಣೆಯೇ ಇಲ್ಲವೆಂದು ಅರ್ಥವಲ್ಲ. ಸೋಂಕಿತರಲ್ಲಿ ಹೆಚ್ಚಿನವರಿಗೆ ಸ್ವಲ್ಪಮಟ್ಟಿನ ರಕ್ಷಣೆ ದೊರೆಯುವ ನಿರೀಕ್ಷೆ ಇದೆಯೆಂದು ಸದರಿ ಸಂಸ್ಥೆಯೇ ಮರುದಿನ ಸ್ಪಷ್ಟಪಡಿಸಿತು.

2. ಪುನಃ ಪಾಸಿಟಿವ್ ಮತ್ತು ಮರುಸೋಂಕು

ಇವೆರಡೂ ಒಂದೇ ಅಲ್ಲ. ಗುಣಮುಖರಾದ ನಂತರವೂ ನಿರ್ಜೀವ ವೈರಾಣುವಿನ ತುಣುಕುಗಳು ಕೆಲವು ವಾರಗಳ ಕಾಲ ಶರೀರದಲ್ಲಿ ಉಳಿದು, ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ಪಾಸಿಟಿವ್ ಫಲಿತಾಂಶ ಬರಬಹುದು. ದಕ್ಷಿಣ ಕೊರಿಯಾದಲ್ಲಿ ಹೀಗೆ ಪುನಃ ಪಾಸಿಟಿವ್ ಆದ 285 ಮಂದಿಯನ್ನು 2020ರಲ್ಲಿ ಪರಿಶೀಲಿಸಲಾಗಿ, ಅವರಿಂದ ಇತರರಿಗೆ ಸೋಂಕು ಹರಡಿದ ಪುರಾವೆ ದೊರೆಯಲಿಲ್ಲ.

ನಿಜವಾದ ಮರುಸೋಂಕಿನ ಮೊದಲ ದೃಢಪಟ್ಟ ಪ್ರಕರಣವನ್ನು ಹಾಂಗ್‌ಕಾಂಗ್‌ನ ಸಂಶೋಧಕರು ಆಗಸ್ಟ್ 2020ರಲ್ಲಿ ವರದಿ ಮಾಡಿದರು. ಎರಡು ಸೋಂಕುಗಳ ನಡುವಿನ ಅಂತರ 142 ದಿನಗಳು. ಎರಡೂ ಬಾರಿಯ ವೈರಾಣುವಿನ ವಂಶವಾಹಿ ರಚನೆ ಬೇರೆಯಾಗಿದ್ದುದರಿಂದ ಇದು ಹೊಸ ಸೋಂಕೆಂದು ಖಚಿತವಾಯಿತು. ಎರಡನೇ ಬಾರಿ ರೋಗಲಕ್ಷಣಗಳು ಕಂಡುಬರಲಿಲ್ಲ.

3. ಭಾರತದಲ್ಲಿ ಅನುಸರಿಸಿದ ಮಾನದಂಡ

ಎಲ್ಲ ಪ್ರಕರಣಗಳಲ್ಲಿ ವಂಶವಾಹಿ ಪರೀಕ್ಷೆ ಸಾಧ್ಯವಿಲ್ಲದ ಕಾರಣ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನದಲ್ಲಿ ಕನಿಷ್ಠ 102 ದಿನಗಳ ಅಂತರದ ಎರಡು ಪಾಸಿಟಿವ್ ವರದಿಗಳು ಹಾಗೂ ಅವುಗಳ ನಡುವೆ ಒಂದು ನೆಗೆಟಿವ್ ವರದಿ ಇದ್ದಲ್ಲಿ ಮರುಸೋಂಕೆಂದು ಪರಿಗಣಿಸಲಾಯಿತು. ಪರಿಶೀಲಿಸಿದ 1,300 ವ್ಯಕ್ತಿಗಳ ಪೈಕಿ 58 ಮಂದಿ (ಶೇ. 4.5) ಈ ಮಾನದಂಡಕ್ಕೆ ಒಳಪಟ್ಟರು.

4. ಓಮಿಕ್ರಾನ್ ನಂತರದ ಸ್ಥಿತಿ

ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿ ಪತ್ತೆಯಾದ ವಿಷಯವನ್ನು ದಿನಾಂಕ 02-12-2021ರಂದು ಪ್ರಕಟಿಸಲಾಯಿತು. ಹಿಂದಿನ ಸೋಂಕಿನಿಂದ ಉಂಟಾದ ಪ್ರತಿಕಾಯಗಳಿಂದ ಈ ರೂಪಾಂತರಿಯು ಬಹುಮಟ್ಟಿಗೆ ತಪ್ಪಿಸಿಕೊಳ್ಳುವುದರಿಂದ ಮರುಸೋಂಕು ಸಾಮಾನ್ಯವಾಯಿತು. ಆದರೂ ತೀವ್ರ ಕಾಯಿಲೆಯಿಂದ ದೊರೆಯುವ ರಕ್ಷಣೆ ಹೆಚ್ಚು ಕಾಲ ಉಳಿಯಿತು. ಪ್ರತಿಕಾಯಗಳು ಕಾಲಕ್ರಮೇಣ ಕುಗ್ಗಿದರೂ, ಶರೀರದ ಸ್ಮೃತಿ ಕೋಶಗಳು ವೈರಾಣುವನ್ನು ಗುರುತಿಸುವುದೇ ಇದಕ್ಕೆ ಕಾರಣ.

5. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

(ಅ) ಪ್ರತಿಕಾಯ ಪರೀಕ್ಷೆಯ ವರದಿಯು ಮರುಸೋಂಕು ತಗುಲದೆಂಬುದಕ್ಕೆ ಖಾತರಿಯಲ್ಲ.
(ಆ) ಹಿಂದೆ ಸೋಂಕು ತಗುಲಿದ್ದರೂ, ಲಕ್ಷಣಗಳು ಕಂಡುಬಂದಲ್ಲಿ ವೈದ್ಯರ ಸಲಹೆ ಪಡೆಯತಕ್ಕದ್ದು.
(ಇ) ವೃದ್ಧರು, ಗರ್ಭಿಣಿಯರು ಹಾಗೂ ದೀರ್ಘಕಾಲದ ಕಾಯಿಲೆ ಇರುವವರ ಸಮೀಪ ಇರುವಾಗ, ಲಕ್ಷಣಗಳುಳ್ಳವರು ಮುಖಗವಸು ಧರಿಸುವುದು ಸೂಕ್ತ.