ನೀರು ತಂದವರು ಬಸಿಯುವ ದಾರಿ ಮಾಡಲಿಲ್ಲ

ಮಲ್ಕಾಜ್‌ಗಿರಿಯಲ್ಲಿ ನಾವು ಸಿಂಧನೂರು, ಗಂಗಾವತಿ ಕಡೆಯವರು ನಾಲ್ಕು ಮಂದಿ ಸೇರಿದರೆ ಮಾತು ಊರಿನ ಹೊಲಕ್ಕೆ ಬಂದೇ ಬರುತ್ತದೆ. ‘ಕೆಳಗಿನ ಎರಡು ಎಕರೆ ಸವಳಾಗೇತ್ರಿ, ಬಿತ್ತಿದ್ರೂ ಹುಟ್ಟಲ್ಲ’ ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಆ ಸವಳಿನ ಚರಿತ್ರೆಗೂ ನಾವೀಗ ಬದುಕುತ್ತಿರುವ ಹೈದರಾಬಾದಿಗೂ ನಂಟಿದೆ.

1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟೆಗೆ ಎರಡೂ ದಂಡೆಗಳಲ್ಲಿ ಅಡಿಗಲ್ಲು ಹಾಕಿದರು. ಎಡದಂಡೆ ನಿಜಾಮರ ಸಂಸ್ಥಾನದ್ದು, ಬಲದಂಡೆ ಮದ್ರಾಸ್ ಪ್ರಾಂತ್ಯದ್ದು. 1953ರಲ್ಲಿ ಕಾಲುವೆಗೆ ನೀರು ಬಂತು. ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು ಆಮೇಲೆ, 1956ರಲ್ಲಿ.

ಅದು ಬರದ ಸೀಮೆ. ಇದ್ದ ನೀರನ್ನು ಹೆಚ್ಚು ಊರುಗಳಿಗೆ ಹಂಚಿ ಜೋಳ, ಹತ್ತಿಯಂಥ ಬೆಳೆ ಬೆಳೆಸಬೇಕು, ಭತ್ತ ಸ್ವಲ್ಪವೇ ಇರಬೇಕು ಎಂಬುದು ಯೋಜನೆಯ ಲೆಕ್ಕ. ಆದರೆ ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪ್ ಕಟ್ಟಿಕೊಂಡು ಭತ್ತ ಬೆಳೆದರು. ಲಾಭ ಕಂಡ ನಮ್ಮವರೂ ಅದನ್ನೇ ಹಿಡಿದರು. ಕಾಲುವೆಯ ಮೇಲ್ಭಾಗದ ಗದ್ದೆಗಳಲ್ಲಿ ನೀರು ನಿಂತಿತು, ಕೊನೆಭಾಗದವರು ನೀರಿಗಾಗಿ ಹೋರಾಡಬೇಕಾಯಿತು.

ಎರೆಮಣ್ಣು ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಒಳಗಿನ ನೀರು ಬೇರಿನ ಮಟ್ಟಕ್ಕೆ ಏರಿತು. ಬಿಸಿಲಿಗೆ ನೀರು ಆರಿ, ಉಪ್ಪು ಮೇಲೆ ಉಳಿಯಿತು. ನೀರಾವರಿಯ ತವರಾದ ಪ್ರಾಚೀನ ಮೆಸೊಪೊಟೇಮಿಯದ ಹೊಲಗಳನ್ನೂ ಇದೇ ಉಪ್ಪು ಕಾಡಿತ್ತು.

ಇಂಥ ನೆಲವನ್ನು ಮತ್ತೆ ಹಸನು ಮಾಡಬಹುದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಕೆಲಸದಲ್ಲಿದೆ. ತೂತುಗಳಿರುವ ಪೈಪನ್ನು ನೆಲದಡಿ ಹೂತು ಹೆಚ್ಚಿನ ನೀರನ್ನು ಹಳ್ಳಕ್ಕೆ ಬಿಡುತ್ತಾರೆ. ಮೇಲಿಂದ ಸಿಹಿನೀರು ನಿಲ್ಲಿಸಿದಾಗ ಉಪ್ಪು ಕರಗಿ ಪೈಪಿನಲ್ಲಿ ಇಳಿದುಹೋಗುತ್ತದೆ. ಸೋಡಿಯಂ ಹೆಚ್ಚಿ ಮಣ್ಣು ಬಿಗಿದಿದ್ದರೆ ನೀರು ಇಳಿಯುವುದೇ ಇಲ್ಲ. ಅಲ್ಲಿ ಮೊದಲು ಜಿಪ್ಸಂ ಹಾಕಬೇಕು. ಅದರ ಕ್ಯಾಲ್ಸಿಯಂ ಸೋಡಿಯಮ್ಮನ್ನು ಬಿಡಿಸುತ್ತದೆ. ಡಯಾಂಚ ಬೆಳೆದು ಮಣ್ಣಿಗೆ ಸೇರಿಸಿದರೆ ಮಣ್ಣು ಸಡಿಲವಾಗುತ್ತದೆ.

ಇದು ಒಬ್ಬನಿಂದ ಆಗುವ ಕೆಲಸವಲ್ಲ. ನನ್ನ ಹೊಲದ ಉಪ್ಪುನೀರು ಹಳ್ಳ ಸೇರಬೇಕಾದರೆ ನೆರೆಯವರ ಹೊಲ ದಾಟಬೇಕು. ಅವರು ಒಪ್ಪಬೇಕು, ಮೇಲಿನವರು ನೀರನ್ನು ಹಿಡಿತದಲ್ಲಿ ಹಾಯಿಸಬೇಕು.

ಇಲ್ಲಿಯೇ ನಮ್ಮ ಪಾತ್ರ ಬರುವುದು. ಪಹಣಿಯಲ್ಲಿ ಹೆಸರಿರುವ ನಾವು ಪಟ್ಟಣ ಸೇರಿದ್ದೇವೆ, ಹೊಲ ಲೀಸಿಗಿದೆ. ಒಂದು ವರ್ಷಕ್ಕೆ ಹೊಲ ಹಿಡಿದವನು ಹಲವು ವರ್ಷ ಬಾಳುವ ಪೈಪಿಗೆ ಏಕೆ ದುಡ್ಡು ಹಾಕಿಯಾನು? ಅದಕ್ಕೇ ಮುಂದಿನ ಸಲ ಊರಿಗೆ ಹೋದಾಗ ಲೀಸಿನ ದುಡ್ಡಷ್ಟೇ ಎಣಿಸಿಕೊಂಡು ಬರುವುದು ಬೇಡ. ಮಣ್ಣು ಪರೀಕ್ಷೆ ಮಾಡಿಸೋಣ, ಅಕ್ಕಪಕ್ಕದ ಹೊಲದವರೊಂದಿಗೆ ಕೂತು ಬಸಿಗಾಲುವೆಯ ಮಾತು ತೆಗೆಯೋಣ.