ಅಡಿಪಾಯದ ಅಗಲ

ಮುಂಗಾರು ಚೆನ್ನಾಗಿ ಹಿಡಿದ ವರ್ಷ ಕನ್ನಂಬಾಡಿ ಕಟ್ಟೆ 124 ಅಡಿ ಮುಟ್ಟಿತೆಂಬ ಸುದ್ದಿಗೆ ಹಳೆ ಮೈಸೂರು ಸೀಮೆಯೆಲ್ಲ ಕಾಯುತ್ತದೆ. ಆದರೆ ಈ ಕಟ್ಟೆಯ ಚರಿತ್ರೆಯ ಬಹುಮುಖ್ಯ ತೀರ್ಮಾನ ನಮ್ಮ ಕಣ್ಣಿಗೆ ಬೀಳುವ ಎತ್ತರದಲ್ಲಿಲ್ಲ. ಅದು ನೆಲದೊಳಗಿನ ಅಡಿಪಾಯದ ಅಗಲದಲ್ಲಿದೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಗಣಿಗೆ ವರ್ಷವಿಡೀ ಒಂದೇ ಸಮನೆ ವಿದ್ಯುತ್ ಬೇಕು. ಕಾವೇರಿಯೋ ಬೇಸಿಗೆಯಲ್ಲಿ ಸೊರಗುವ ನದಿ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಹೇಮಾವತಿ, ಲಕ್ಷ್ಮಣತೀರ್ಥಗಳು ಕಾವೇರಿಯನ್ನು ಸೇರುವ ಕಡೆ ದೊಡ್ಡ ಜಲಾಶಯದ ಯೋಜನೆ ಮುಂದಿಟ್ಟರು.

ಒಂದೇ ನೀರಿಗೆ ಕೈಚಾಚಿದವರು ಹಲವರು. ವಿದ್ಯುತ್ತಿಗೆ ನೀರನ್ನು ಸಮನಾಗಿ, ಜುಗ್ಗತನದಿಂದ ಬಿಡಬೇಕು. ಮಂಡ್ಯದ ಒಣಭೂಮಿಗೆ ಬೆಳೆಯ ಕಾಲದಲ್ಲಿ ಧಾರಾಳವಾಗಿ ಬೇಕು. ಹಾಗೆ ನಾಲೆಗೆ ತಿರುಗಿಸಿದ ನೀರಿನ ಬಹುಪಾಲು ಶಿವನಸಮುದ್ರದ ಯಂತ್ರಗಳಿಗೆ ದಕ್ಕುವುದಿಲ್ಲ. ತಂಜಾವೂರಿನ ಗದ್ದೆಗಳಿಗೆ ನದಿ ಎಂದಿನಂತೆ ಹರಿದುಬರಬೇಕು. ಸಂಸ್ಥಾನದ ಖಜಾನೆಗೆ ಖರ್ಚು ಹದ್ದಿನಲ್ಲಿರಬೇಕು. ಎಲ್ಲರನ್ನೂ ಪೂರ್ತಿ ತೃಪ್ತಿಪಡಿಸುವ ಒಂದು ಎತ್ತರ ಎಲ್ಲೂ ಇರಲಿಲ್ಲ.

ಮೈಸೂರು ಕೇಳಿದ್ದು ಸುಮಾರು 41 ಟಿಎಂಸಿ ಸಂಗ್ರಹ. ಮದರಾಸು ಒಪ್ಪಲಿಲ್ಲ. ಭಾರತ ಸರ್ಕಾರ 11 ಟಿಎಂಸಿಗಷ್ಟೇ ಅನುಮತಿ ಕೊಟ್ಟಿತು. 1911ರಲ್ಲಿ ಕೆಲಸ ಶುರುವಾಯಿತು. ಆದರೆ ಅಡಿಪಾಯ ಬಿದ್ದದ್ದು ಪೂರ್ತಿ ಎತ್ತರದ ಕಟ್ಟೆಗೆ ತಕ್ಕಂತೆ!

ಇದರ ತರ್ಕ ಸರಳ. ಕಲ್ಲಿನ ಅಣೆಕಟ್ಟು ನೀರಿನ ಒತ್ತಡವನ್ನು ತಡೆಯುವುದು ತನ್ನ ತೂಕದಿಂದ. ಎತ್ತರ ಹೆಚ್ಚಿದಂತೆ ಬುಡವೂ ಅಗಲವಾಗಬೇಕು. ಗೋಡೆಯನ್ನು ಆಮೇಲೆ ಎತ್ತರಿಸಬಹುದು. ನೀರು ನಿಂತ ಮೇಲೆ ಬುಡವನ್ನು ಅಗಲಿಸುವುದು ಬಲು ಕಷ್ಟ. ಇವತ್ತಿಗೆ ಬೇಡದ ಕಲ್ಲುಗಾರೆಗೆ ಇವತ್ತೇ ಹಣ ಸುರಿದು ಮೈಸೂರು ನಾಳೆಯ ಬಾಗಿಲನ್ನು ತೆರೆದಿಟ್ಟುಕೊಂಡಿತು. ನಮಗೆ ಇದು ದೂರದೃಷ್ಟಿ. ಕೆಳಗಿನ ಪಾತ್ರದವರಿಗೆ ಮಾತುಕತೆ ಮುಗಿಯುವ ಮೊದಲೇ ಹೂಡಿದ ಪಟ್ಟು. ಎರಡೂ ಸುಳ್ಳಲ್ಲ.

ಜಗಳ ಪಂಚಾಯಿತಿಗೆ ಹೋಯಿತು. 1914ರಲ್ಲಿ ನ್ಯಾಯಮೂರ್ತಿ ಗ್ರಿಫಿನ್ ತೀರ್ಪು ಕೊಟ್ಟರೂ ಮದರಾಸು ಅದನ್ನು ಒಪ್ಪಲಿಲ್ಲ. ಕೊನೆಗೆ 1924ರ ಒಪ್ಪಂದದಲ್ಲಿ ಮೈಸೂರಿಗೆ 124 ಅಡಿ ಸಿಕ್ಕಿತು, ಮದರಾಸಿಗೆ ಮೆಟ್ಟೂರು ಜಲಾಶಯದ ದಾರಿ ತೆರೆಯಿತು. ಮುಂದೆ ಹುಲಿಕೆರೆಯ ಸುರಂಗ ದಾಟಿ ನಾಲೆಯ ನೀರು ಮಂಡ್ಯಕ್ಕೆ ಬಂತು. 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ಅಗಲವಾದ ಬುಡ ಇರದಿದ್ದರೆ ಆ ಒಪ್ಪಂದದ ಎತ್ತರ ಬಹುಕಾಲ ಕಾಗದದ ಮೇಲೆಯೇ ಉಳಿಯುತ್ತಿತ್ತೇನೋ.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥದ್ದನ್ನು ಪರಸ್ಪರ ವಿರುದ್ಧ ಗುರಿಗಳ ಸಮತೋಲನವೆಂದು ಓದುತ್ತಾರೆ. ಗುರಿಗಳ ಪಟ್ಟಿ ಮಾಡಿ, ಒಂದೊಂದಕ್ಕೂ ತೂಕ ಕೊಟ್ಟು, ಲೆಕ್ಕ ಹಾಕುತ್ತಾರೆ. ಆದರೆ ಲೆಕ್ಕಕ್ಕೆ ಮೊದಲು ಪಟ್ಟಿ ಬರೆದವರು ಯಾರು ಎಂಬ ಪ್ರಶ್ನೆ ಇದೆ. ಗಣಿಯ ಪರವಾಗಿ ಕಂಪನಿಯಿತ್ತು, ತಂಜಾವೂರಿನ ಪರವಾಗಿ ಮದರಾಸಿನ ಸರ್ಕಾರವಿತ್ತು. ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿ ಊರಿನ ಪರವಾಗಿ ಆ ಮೇಜಿನ ಸುತ್ತ ಯಾರೂ ಕೂತಿರಲಿಲ್ಲ. ಊರು ಮುಳುಗಿತು. ಅದರ ವೇಣುಗೋಪಾಲಸ್ವಾಮಿ ಗುಡಿ ಬರಗಾಲದಲ್ಲಿ ಮಾತ್ರ ನೀರಿನಿಂದ ತಲೆಯೆತ್ತುತ್ತಿತ್ತು. ನಮ್ಮ ಕಾಲದಲ್ಲಿ ಅದರ ಕಲ್ಲುಗಳನ್ನು ತಂದು ದಡದಲ್ಲಿ ಮತ್ತೆ ಕಟ್ಟಿದ್ದಾರೆ. ಬೃಂದಾವನ ನೋಡಲು ಹೋದವರು ಅಲ್ಲಿಗೂ ಒಮ್ಮೆ ಹೋಗಿಬರಬೇಕು.